ಹದಿನಾಲ್ಕನೆಯ ತಿರುವು

ನನ್ನ ಫೋಟೋ ನನಗಿಂತ ಮೊದಲು ಫ್ರಾನ್ಸ್ ನೋಡಿಕೊಂಡು ಬಂತು. ಇದನ್ನು ಯಾರಿಗೆ ಹೇಳಿದರೂ ತಮಾಷೆ ಅಂದುಕೊಳ್ಳುತ್ತಾರೆ. ತಮಾಷೆ ಏನೂ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಸರ್ಕಾರ ಗಂಡನ ಪಾಸ್‌ಪೋರ್ಟಿನಲ್ಲೇ ಹೆಂಡತಿಯನ್ನೂ ಸೇರಿಸಿ ಕೊಡುತ್ತಿತ್ತು. ಅವರ ಫೋಟೋ, ಅದರ ಪಕ್ಕದಲ್ಲಿ ನನ್ನದು, ಕೆಳಗೆ ಪತ್ನಿ ನಿರುಪಮಾ ಅಂತ ಒಂದು ಸಾಲು. ಆ ಪುಸ್ತಕ ಅವರ ಜೇಬಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಅವರಿಲ್ಲದೆ ನಾನೊಬ್ಬಳೇ ಅದನ್ನು ಹಿಡಿದುಕೊಂಡು ಎಲ್ಲಿಗೂ ಹೋಗುವ ಹಾಗಿಲ್ಲ. 1968ರಲ್ಲಿ ಮೈಸೂರು ಬಿಡುವಾಗ ಇದು ನನಗೆ ಬಹಳ ಮುದ್ದಾಗಿ ಕಂಡಿತ್ತು. ಇಪ್ಪತ್ತಮೂರು ವರ್ಷ, ಹೊಸ ಮದುವೆ, ಬುದ್ಧಿ ಎಲ್ಲಿಂದ ಬರಬೇಕು?

ನಾವಿದ್ದದ್ದು ಡೆಟ್ರಾಯಿಟ್‌ನ ಉತ್ತರಕ್ಕೆ ಟ್ರಾಯ್‌ನಲ್ಲಿ, ಹೊಲಗಳ ನಡುವೆ ಹೊಸದಾಗಿ ಎದ್ದ ಒಂದು ಸಬ್‌ಡಿವಿಷನ್‌ನಲ್ಲಿ, ಅಂದರೆ ಬರೀ ಮನೆಗಳ ಬಡಾವಣೆಯಲ್ಲಿ. ನನ್ನ ಗಂಡ ಜಯಸಿಂಹ ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಬ್ರೇಕ್ ಎಂಜಿನಿಯರ್. ಬೆಳಗ್ಗೆ ಆರೂಮುಕ್ಕಾಲಿಗೆ ಕಾರು ಗ್ಯಾರೇಜಿನಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ನಾನು, ಫ್ರಿಜ್ಜು, ಕಿಟಕಿ. ಬಸ್ಸಿಲ್ಲ, ಕಾಲುದಾರಿಯಿಲ್ಲ, ಅಂಗಡಿ ಎರಡೂವರೆ ಮೈಲಿ ದೂರ. ನಡೆದುಕೊಂಡು ಹೋದರೆ ಕಾರಿನವರು ನಿಲ್ಲಿಸಿ ನಿಮ್ಮ ಗಾಡಿ ಕೆಟ್ಟಿದೆಯಾ ಅಂತ ಕೇಳುತ್ತಾರೆ. ಡ್ರೈವಿಂಗ್ ಕಲಿಸಲು ಅವರು ಒಂದೇ ಒಂದು ಸಲ ಕರೆದುಕೊಂಡು ಹೋಗಿದ್ದರು. ನಾನು ಗಾಬರಿಯಲ್ಲಿ ಬ್ರೇಕಿನ ಬದಲು ಪಕ್ಕದ್ದನ್ನು ಒತ್ತಿ ಎದುರುಮನೆಯವರ ಅಂಚೆ ಡಬ್ಬವನ್ನು ನೆಲಕ್ಕೆ ಮಲಗಿಸಿಬಿಟ್ಟೆ. ಬ್ರೇಕ್ ಎಂಜಿನಿಯರ್ ಹೆಂಡತಿ! ಅವರಿಗೆ ತಲೆ ಎತ್ತಲಾರದಷ್ಟು ಅವಮಾನವಾಯಿತು. ಅವತ್ತಿಗೆ ಆ ಪಾಠ ಮುಗಿಯಿತು.

ಹೀಗೆ ಐದು ವರ್ಷ. ಬೈಯಬೇಕೆಂದರೆ ಯಾರನ್ನು ಬೈಯುವುದು? ಅವರು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಶನಿವಾರ ಶನಿವಾರ ಕರೆದುಕೊಂಡು ಹೋಗಿ ವಾರದ ಸಾಮಾನು ಕೊಡಿಸುತ್ತಿದ್ದರು. ಊರಿನಿಂದ ಬರುವ ಕಾಗದಗಳಲ್ಲಿ ಎಲ್ಲರೂ ನನ್ನ ಅದೃಷ್ಟವನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಉಸಿರು ಕಟ್ಟುತ್ತಿತ್ತು.

1973ರ ವಸಂತದಲ್ಲಿ, ಮನೆಬಾಗಿಲಿಗೆ ಪುಕ್ಕಟೆ ಬೀಳುವ ವಾರಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡಿತು. ಫ್ರೆಂಚ್ ಓದಬಲ್ಲವರು ಬೇಕು, ಮನೆಯಲ್ಲೇ ಕುಳಿತು ಮಾಡುವ ಕೆಲಸ. ಮಹಾರಾಣಿ ಕಾಲೇಜಿನಲ್ಲಿ ಸಂಸ್ಕೃತ ಬಿಟ್ಟು ಫ್ರೆಂಚ್ ತೆಗೆದುಕೊಂಡವಳು ನಾನು, ಆಮೇಲೆ ಎರಡು ವರ್ಷ ಡಿಪ್ಲೊಮಾ ಬೇರೆ. ನಮ್ಮಪ್ಪ ಆಗ, ಇದರಿಂದ ಯಾವ ದೇವರಿಗೆ ಪೂಜೆ ಮಾಡ್ತೀಯೇ ಅಂತ ಕೇಳಿದ್ದರು. ಫೋನ್ ಮಾಡಿದೆ.

ಜಾಹೀರಾತು ಕೊಟ್ಟಿದ್ದವರು ಮಿಸೆಸ್ ಕೊವಾಲ್ಸ್ಕಿ, ರಾಯಲ್ ಓಕ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅರವತ್ತು ವರ್ಷದ ವಿಧವೆ. ಆ ವರ್ಷಗಳಲ್ಲಿ ಅಮೆರಿಕದ ದೊಡ್ಡವರಿಗೆಲ್ಲ ಇದ್ದಕ್ಕಿದ್ದಂತೆ ಸೈಕಲ್ ಹುಚ್ಚು ಹಿಡಿದಿತ್ತು. ಅವರ ಗಿರಾಕಿಗಳ ಗುಂಪಿಗೆ ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಜಲ್ಲಿ ದಾರಿಗಳಲ್ಲಿ ಸೈಕಲ್ ಹೊಡೆಯುವ ಆಸೆ. ಡಾಂಬರು ರಸ್ತೆ ಬೇಡ, ಲಾರಿ ಬೇಡ, ವೈನ್ ಮಾಡುವವರ ಗಾಡಿಗಳು ಓಡಾಡುವ ದಾರಿಯೇ ಬೇಕು. ಅಂಥ ದಾರಿಗಳು ಯಾವ ನಕ್ಷೆಯಲ್ಲೂ ಸರಿಯಾಗಿ ಇರಲಿಲ್ಲ. ಅಲ್ಲಿಯ ಗಾರ್ನಿಯೆ ಎಂಬ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಕಾಗದದ ಮೇಲೆ ಕಾಗದ ಬರೆದು ದಾರಿ ವಿವರಿಸುತ್ತಿದ್ದರು. ಅದನ್ನು ನಾನು ಇಂಗ್ಲಿಷಿಗೆ ತಂದು, ತಿರುವಿಗೆ ಒಂದು ನಂಬರು ಹಾಕಿ, ಒಂದೊಂದು ದಿನದ ದಾರಿಯನ್ನು ಒಂದೊಂದು ಹಾಳೆಯಲ್ಲಿ ಟೈಪ್ ಮಾಡಬೇಕು. ಸವಾರರು ಅದನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ.

"ಮನೇಲೇ ಕೂತ್ಕೊಂಡು ಮಾಡೋದಲ್ವಾ? ಮಾಡು," ಎಂದರು ಜಯಸಿಂಹ. ಮನೇಲೇ ಅನ್ನುವುದನ್ನು ಒತ್ತಿ ಹೇಳಿದರು.

ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಬಂತು. ಗಾರ್ನಿಯೆ ಮೇಷ್ಟ್ರ ಅಕ್ಷರ ದುಂಡಗೆ, ಸ್ವಭಾವ ತುಸು ಬಿಗಿ. ಬಟ್ಟೆ ಒಗೆಯುವ ಕಲ್ಲುತೊಟ್ಟಿಯ ಬಳಿ ಎಡಕ್ಕೆ ತಿರುಗಿ. ಎರಡು ಕಿಲೋಮೀಟರ್ ಬಿಳಿ ಜಲ್ಲಿ, ಬೆಳಗಿನ ಹೊತ್ತು ಕಣ್ಣಿಗೆ ಚುಚ್ಚುತ್ತದೆ. ಇಲ್ಲಿ ನಾಯಿ ಇದೆ, ಬೊಗಳುತ್ತದೆ, ಕಚ್ಚುವುದಿಲ್ಲ. ಓದುತ್ತಾ ಓದುತ್ತಾ ನನಗೆ ಆ ದಾರಿ ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಬೀದಿಗಿಂತ ಚೆನ್ನಾಗಿ ಗೊತ್ತಾಯಿತು. ಯಾವ ಗೋಡೆಗೆ ಬಾಗಿಲಿದೆ, ಯಾವ ತೋಟದ ಮುದುಕ ನೀರು ಕೊಡುತ್ತಾನೆ, ಎಲ್ಲ. ನೂರು ಮೈಲಿ ಬರ್ಗಂಡಿ ಬಾಯಿಪಾಠ. ಎರಡೂವರೆ ಮೈಲಿಯಾಚೆಯ ಅಂಗಡಿಗೆ ಮಾತ್ರ ಶನಿವಾರವೇ ಬರಬೇಕು.

ಮಿಸೆಸ್ ಕೊವಾಲ್ಸ್ಕಿ ಒಂದು ದಿನ ವ್ಯಾನಿನಲ್ಲಿ ಹಳೆಯ ಲೇಡೀಸ್ ಸೈಕಲ್ ತಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದರು. ಸವಾರಿ ಮಾಡದೆ ದಾರಿ ಬರೆಯಬಾರದು, ಎಂದರು. ಮೈಸೂರಿನಲ್ಲಿ ಏಳು ವರ್ಷ ಸೈಕಲ್ ಹೊಡೆದವಳು ನಾನು. ಸೀಟಿನ ಮೇಲೆ ಕೂತಾಗ ಅಳು ಬಂದುಬಿಟ್ಟಿತು.

ಜಯಸಿಂಹರಿಗೆ ಅದು ಕಂಡರಾಗದು. "ಕಾರು ಕಂಪನಿ ಎಂಜಿನಿಯರ್ ಹೆಂಡತಿ ಸೀರೆ ಎತ್ಕಟ್ಕೊಂಡು ಸೈಕಲ್ ತುಳೀತಾಳೆ ಅಂತ ಆಫೀಸಲ್ಲಿ ಗೊತ್ತಾದ್ರೆ ಏನ್ ಚೆನ್ನಾಗಿರತ್ತೆ? ಸಬ್‌ಡಿವಿಷನ್ ಒಳಗೇ ಸುತ್ತು. ಲಾಂಗ್ ಲೇಕ್ ರೋಡ್ ದಾಟ್ಬೇಡ. ಆಕಡೆ ಎಲ್ಲಾ ಜಲ್ಲಿ ರಸ್ತೆ, ಬಿದ್ರೆ ನೋಡೋರಿಲ್ಲ."

ಆಯಿತು. ಮೂರು ಬೀದಿ, ಮೂರೂ ಕೊನೆಯಲ್ಲಿ ಮುಚ್ಚಿದವು. ನಾನು ಹಾಳೆಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಅಲ್ಲೇ ಸುತ್ತುತ್ತಿದ್ದೆ. ಕಲ್ಲುತೊಟ್ಟಿಯಿಂದ ಎರಡು ಕಿಲೋಮೀಟರ್ ಅಂದರೆ ನಾಲ್ಕು ಸುತ್ತು. ನಾಲ್ಕನೆಯ ಸುತ್ತಿಗೆ ಬೆಲ್ ಹೊಡೆದು ಎಡಕ್ಕೆ ತಿರುಗುವುದು, ಎದುರುಮನೆಯ ಗ್ಯಾರೇಜು ಬರುವುದು. ಹುಚ್ಚಿ ಅಂದುಕೊಂಡಿದ್ದಾರು. ಅಂದುಕೊಳ್ಳಲಿ.

ಇನ್ನು ಹದಿನಾಲ್ಕನೆಯ ತಿರುವಿನ ವಿಷಯ. ಮೊದಲನೆಯ ದಿನದ ಕೊನೆಯಲ್ಲಿ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಒಂದು ಪುಟ್ಟ ಹಳೆಯ ಚರ್ಚು. ದಾರಿ ಆ ಚರ್ಚನ್ನು ಬಳಸಿಕೊಂಡು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುತ್ತದೆ. ಗಾರ್ನಿಯೆ ಮೇಷ್ಟ್ರು ಚರ್ಚು ಎಡಗೈಗೆ ಬರುವಂತೆ ಹತ್ತಲು ಬರೆದಿದ್ದರು, ಕೆಳಗೆ ಗೆರೆ ಎಳೆದು, ಯಾವಾಗಲೂ ಈ ದಿಕ್ಕಿನಲ್ಲೇ ಎಂದೂ ಸೇರಿಸಿದ್ದರು. ಕಾರಣ ಬರೆದಿರಲಿಲ್ಲ. ನನಗೆ ಕೈ ಬರಲಿಲ್ಲ. ಎಡಗೈಗೆ ದೇವರನ್ನು ಇಟ್ಟುಕೊಂಡು ಸುತ್ತುವುದು ಅಪ್ರದಕ್ಷಿಣೆ, ನಮ್ಮಲ್ಲಿ ಹಾಗೆ ಸುತ್ತುವುದು ಹೆಣದ ಸುತ್ತ. ಯಾರ ದೇವರಾದರೇನು, ಗುಡಿ ಗುಡಿಯೇ. ಅಗ್ರಹಾರದ ಗಣಪತಿಯನ್ನು ಸೈಕಲ್ ಮೇಲೆ ಹಾದುಹೋಗುವಾಗಲೂ ಬಲಗೈಗೆ ಬರುವ ಹಾಗೆ ಬಳಸಿಕೊಂಡು ಹೋದವಳು ನಾನು. ಎರಡು ಕಡೆಯಿಂದಲೂ ದೂರ ಅಷ್ಟೇ ಇತ್ತು. ಮೇಷ್ಟ್ರ ಹಟ ಇರಬೇಕು ಅಂದುಕೊಂಡು, ದಿಕ್ಕು ತಿರುಗಿಸಿ, ಪ್ರದಕ್ಷಿಣೆಯಾಗಿ ಟೈಪ್ ಮಾಡಿಬಿಟ್ಟೆ. ಗುಂಪಿನ ಇಪ್ಪತ್ತು ಜನಕ್ಕೆ ಪುಣ್ಯ ಕಟ್ಟಿಕೊಟ್ಟೆ ಅಂತ ಒಳಗೊಳಗೇ ಬೀಗಿದೆ ಕೂಡ.

ಹಾಳೆಗಳು ಮುಗಿದಾಗ 1974 ಬಂದಿತ್ತು. ಪೆಟ್ರೋಲಿಗೆ ಬರ ಬಿದ್ದು, ಬಂಕಿನ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದ ಚಳಿಗಾಲ ಅದು. ಕಾರು ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುತ್ತಿದ್ದರು, ಜಯಸಿಂಹ ಮನೆಯಲ್ಲಿ ಮಾತೇ ಕಡಿಮೆ ಮಾಡಿದ್ದರು. ಅಂಥದ್ದರಲ್ಲಿ ಮಿಸೆಸ್ ಕೊವಾಲ್ಸ್ಕಿ ಫೋನ್ ಮಾಡಿ, ಸೆಪ್ಟೆಂಬರಿನಲ್ಲಿ ಗುಂಪು ಹೊರಡುತ್ತದೆ, ನೀನೂ ಬಾ, ಮಾತಾಡಿಸಲು ನೀನು ಬೇಕು, ನಿನ್ನ ಖರ್ಚು ಗುಂಪಿನದ್ದು ಎಂದರು. ಜೂನ್ ಹದಿನೈದರೊಳಗೆ ಪಾಸ್‌ಪೋರ್ಟಿಗೆ ಅರ್ಜಿ ಹೋಗಿರಬೇಕು, ಇಲ್ಲದಿದ್ದರೆ ಫ್ರೆಂಚ್ ಬರುವ ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕಾಗುತ್ತದೆ.

ನಾನು ಕಾನ್ಸುಲೇಟಿಗೆ ಬರೆದು ಫಾರಂ ತರಿಸಿದೆ. ನನಗೆ ಬೇರೆ ಪಾಸ್‌ಪೋರ್ಟ್ ಬೇಕಾದರೆ ಅವರ ಪಾಸ್‌ಪೋರ್ಟನ್ನು ಕಳಿಸಿ ಅದರಿಂದ ನನ್ನ ಹೆಸರು ತೆಗೆಸಬೇಕು, ಫಾರಂನಲ್ಲಿ ಗಂಡನ ಸಹಿ ಇರಬೇಕು. ಎರಡು ತಿಂಗಳಾದರೂ ಹಿಡಿಯುತ್ತದೆ.

"ಈಗ ಪಾಸ್‌ಪೋರ್ಟ್ ಕೈ ಬಿಟ್ರೆ ಹೇಗೆ?" ಎಂದರು ಅವರು. "ಮೇ ತಿಂಗಳಲ್ಲಿ ಕಂಪನಿ ನನ್ನ ಫ್ರಾನ್ಸಿಗೇ ಕಳಿಸ್ಬೋದು. ಡಿಜೋನ್ ಹತ್ರ ಬ್ರೇಕ್ ಮಾಡೋ ಕಾರ್ಖಾನೆ ಇದೆ. ಡಿಪಾರ್ಟ್‌ಮೆಂಟಲ್ಲಿ ನಾನೊಬ್ನೇ ಇಂಡಿಯನ್. ಕಳಿಸಿದ್ರೆ ಕೆಲಸ ಉಳಿಯತ್ತೆ ಅಂತ ಅರ್ಥ."

ಡಿಜೋನ್! ನನ್ನ ಹಾಳೆಯ ಮೊದಲನೆಯ ತಿರುವಿನಿಂದ ಇಪ್ಪತ್ತೈದು ಮೈಲಿ. "ಹಾಗಾದ್ರೆ ನನ್ನೂ ಕರ್ಕೊಂಡ್ ಹೋಗ್ರೀ. ಅದೇ ಪಾಸ್‌ಪೋರ್ಟಲ್ಲಿ ಇದೀನಲ್ಲ ನಾನು. ಹತ್ತೇ ದಿನ."

"ಆಫೀಸ್ ಕೆಲಸಕ್ಕೆ ಯಾರಾದ್ರೂ ಹೆಂಡ್ತೀನ ಕರ್ಕೊಂಡು ಹೋಗ್ತಾರೇನೆ? ಜೊತೇಲಿ ಬರೋ ಇಬ್ರು ಅಮೆರಿಕನ್ಸ್ ಏನಂದ್ಕೊಳಲ್ಲ?"

"ವಾಪಸ್ ಬಂದ್ಮೇಲೆ ಸಹಿ ಮಾಡ್ತೀರಾ?"

"ನೋಡೋಣ."

ಈ ನೋಡೋಣ ಎನ್ನುವುದು ಎಂಥ ಮಾತು ಅಂತ ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫಾರಂ ಮಡಿಸಿ ಸಾರಿನ ಪುಡಿ ಡಬ್ಬದ ಹಿಂದೆ ಇಟ್ಟೆ. ಮೇ ಹದಿಮೂರಕ್ಕೆ ಅವರು ಹೊರಟರು. ಸೂಟ್‌ಕೇಸಿಗೆ ಶರ್ಟು ಮಡಿಸಿ ಇಟ್ಟವಳು ನಾನೇ. ಪಾಸ್‌ಪೋರ್ಟ್ ತೆರೆದು ನೋಡಿದೆ. ಒಳಗೆ ಎರಡು ಜಡೆ ಹಾಕಿಕೊಂಡ ಹುಡುಗಿ, ಮಲ್ಲಿಗೆ ಮುಡಿದು, ಯಾವುದಕ್ಕೂ ಸಿದ್ಧ ಅನ್ನುವ ಮುಖ ಮಾಡಿಕೊಂಡು ಕೂತಿದ್ದಾಳೆ. ಹೋಗು ತಾಯಿ, ನೀನಾದರೂ ಹೋಗಿ ಬಾ, ಎಂದೆ. ಪುಸ್ತಕವನ್ನು ಪಟ್ಟನೆ ಮುಚ್ಚಿ ಶರ್ಟುಗಳ ಮೇಲೆ ಎಸೆದೆ.

ಹತ್ತು ದಿನ ಬಿಟ್ಟು ಬಂದರು. ಏರ್‌ಪೋರ್ಟಿನಿಂದ ಕರೆದುಕೊಂಡು ಬಂದವರು ಅವರ ಆಫೀಸಿನ ಬೇರೆ ಡಿಪಾರ್ಟ್‌ಮೆಂಟಿನ ಪಂಚಾಕ್ಷರಿ, ಧಾರವಾಡದವರು, ನಮಗಿದ್ದ ಒಬ್ಬನೇ ಕನ್ನಡದ ಸ್ನೇಹಿತ. ಬಾಗಿಲು ತೆರೆದರೆ ಜಯಸಿಂಹರ ಬಲಗೈ ಬೆರಳ ತುದಿಯಿಂದ ಮೊಣಕೈ ದಾಟಿ ಪ್ಲಾಸ್ಟರಿನಲ್ಲಿದೆ, ಗಲ್ಲದ ಮೇಲೆ ಕೆಂಪು ತರಚು.

"ಅಯ್ಯೋ! ಏನ್ರೀ ಇದು?"

"ಹೋಟ್ಲಲ್ಲಿ ಸ್ನಾನದ ಮನೇಲಿ ಜಾರಿದೆ. ಎರಡು ಮೂಳೆ. ಹತ್ತು ವಾರ," ಎಂದು ನೇರವಾಗಿ ಒಳಗೆ ಹೋದರು.

ಪಂಚಾಕ್ಷರಿ ಸೂಟ್‌ಕೇಸ್ ಇಳಿಸಿ, "ಸುಮ್ಮನ ಬಿಡ್ರಿ ವೈನಿ, ದಾರ್ಯಾಗ ನಾನೂ ಕೇಳೇನಿ, ಬಾಯಿ ಬಿಡವೊಲ್ಲರು," ಎಂದು ಪಿಸುಗುಟ್ಟಿ ಹೊರಟುಹೋದರು.

ಸೂಟ್‌ಕೇಸ್ ನಾನೇ ಬಿಚ್ಚಬೇಕಲ್ಲ. ಬಿಚ್ಚಿದೆ. ಕೆಳಗೆ ಮುದ್ದೆಯಾದ ಒಂದು ಪ್ಯಾಂಟು, ಮೊಣಕಾಲ ಹತ್ತಿರ ಹರಿದು, ಬಿಳಿ ಧೂಳು ಮೆತ್ತಿಕೊಂಡಿತ್ತು. ಸ್ನಾನದ ಮನೆಯಲ್ಲಿ ಎಲ್ಲಿಯ ಧೂಳು? ಅದರ ಜೇಬಿನಲ್ಲಿ ನಾಲ್ಕು ಮಡಿಕೆಯಾದ ಹಾಳೆ. ಬಿಡಿಸಿದರೆ ನಾನು ಟೈಪ್ ಮಾಡಿದ್ದು, ಮೊದಲನೆಯ ದಿನದ ದಾರಿ. ಮೇಜಿನ ಮೇಲಿನ ಕಟ್ಟಿನಿಂದ ಯಾವಾಗ ಎತ್ತಿಕೊಂಡು ಹೋಗಿದ್ದರೋ! ಒಂದನೆಯ ತಿರುವಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದ್ದರು. ಎರಡನೆಯದಕ್ಕೂ ಒಂದು. ಕಲ್ಲುತೊಟ್ಟಿಯ ಮುಂದೆ, ಇದೆ, ಅಂತ ಕನ್ನಡದಲ್ಲಿ ಬರೆದಿದ್ದರು. ನಾಯಿಯ ಮುಂದೆ, ಕಚ್ಚಲಿಲ್ಲ. ಹದಿಮೂರರವರೆಗೆ ಹೀಗೇ. ಹದಿನಾಲ್ಕರ ಮುಂದೆ ಗುರುತಿಲ್ಲ, ಕಂದುಬಣ್ಣದ ಒಂದು ಕಲೆ ಇತ್ತು.

ಹಾಳೆ ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ. ಅವರು ನೋಡಿದರು. ಎಡಗೈಯಿಂದ ಹಾಳೆಯ ಮಡಿಕೆ ಸರಿಮಾಡಿದರು.

"ಭಾನುವಾರ ರಜ ಇತ್ತು," ಎಂದರು ಕೊನೆಗೆ. "ಆ ಇಬ್ರೂ ಪ್ಯಾರಿಸ್ ನೋಡೋಕ್ ಹೋದ್ರು. ನಾನು ರೈಲಲ್ಲಿ ಹೋಗಿ ಸೈಕಲ್ ಬಾಡಿಗೆ ತಗೊಂಡೆ. ವರ್ಷವಿಡೀ ಅಡುಗೆಮನೇಲಿ ಟಕಟಕ ಅಂತ ಕುಟ್ತಿದ್ಯಲ್ಲ, ಅದೇನ್ ಅಂಥದ್ದಿದೆ ನೋಡೇಬಿಡೋಣ ಅಂತ. ಸೈಕಲ್ ಮುಟ್ಟಿ ಹನ್ನೆರಡು ವರ್ಷ ಆಗಿತ್ತು ಕಣೆ. ನಿನ್ನ ಶೀಟು ಒಂದ್ ಅಡಿ ತಪ್ಪಿಲ್ಲ. ಆ ಗುಡ್ಡದ ತನಕ."

"ಗುಡ್ಡದ್ ಹತ್ರ?"

"ಚರ್ಚು ಬಲಕ್ಕೆ ಇಟ್ಕೊಂಡು ಹತ್ತು ಅಂದಿದ್ದೆ, ಹತ್ತಿದೆ, ಗಟ್ಟಿ ಮಣ್ಣು, ಚೆನ್ನಾಗಿತ್ತು. ಇಳಿಯೋವಾಗ ಪೂರಾ ಸಡಿಲ ಜಲ್ಲಿ. ಮೊಣಕಾಲುದ್ದ ಅನ್ಸತ್ತೆ, ಚಕ್ರ ಹೂತುಹೋಗತ್ತೆ. ನಾನು..." ಅವರು ಕಿಟಕಿಯ ಕಡೆ ತಿರುಗಿದರು. "ನಾನು ಮುಂದಿನ್ ಬ್ರೇಕ್ ಹಿಡಿದೆ."

ಇನ್ನೊಂದು ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಬ್ರೇಕ್ ಎಂಜಿನಿಯರ್ ಬ್ರೇಕ್ ಹಿಡಿದು ಬೀಳುವುದೆಂದರೆ! ನಗು ಬರಲಿಲ್ಲ. ಮೇಷ್ಟ್ರು ಎಳೆದ ಗೆರೆ ಕಣ್ಣ ಮುಂದೆ ಬಂತು. ಯಾವಾಗಲೂ ಈ ದಿಕ್ಕಿನಲ್ಲೇ. ಸೋಫಾದ ಮೇಲೆ ಕೂತೆ.

"ಬಿದ್ದಿದ್ದನ್ನ ನೋಡಿ ಯಾರೋ ಓಡಿಹೋಗಿ ಒಬ್ಬ ಮುದುಕರನ್ನ ಕರ್ಕೊಂಡ್ ಬಂದ್ರು. ಹಾಳೆ ನೋಡಿ, ತಾನೇ ಗಾರ್ನಿಯೆ ಅಂದ್ರು. ಅವರೇ ಕಾರಲ್ಲಿ ಡಾಕ್ಟರ್ ಹತ್ರ ಕರ್ಕೊಂಡ್ ಹೋದ್ರು. ಈ ಜಲ್ಲಿ ದಾರೀನ ನಾನು ಹತ್ತೋಕೆ ಬರ್ದಿದ್ದು, ಇಳಿಯೋಕೆ ಹೇಳಿದವರು ಯಾರು ಅಂತ ಹರಕು ಇಂಗ್ಲಿಷಲ್ಲಿ ಕೇಳಿ ಕೇಳಿ ಇಟ್ರು. ನಂಗೇನ್ ಗೊತ್ತು? ಡಾಕ್ಟರು ಪಾಸ್‌ಪೋರ್ಟ್ ಕೇಳಿದಾಗ ಅದರಲ್ಲಿ ನಿನ್ ಫೋಟೋ ನೋಡಿ, ಇವರೇನಾ ಕಾಗದ ಬರೆಯೋ ಮದಾಮ್ ಅಂದ್ರು. ಹೌದು ಅಂದೆ."

"ನಾನೇರೀ," ಎಂದೆ. "ನಾನೇ ತಿರುಗಿಸಿ ಬರ್ದೆ. ಅಪ್ರದಕ್ಷಿಣೆ ಆಗತ್ತೆ ಅಂತ."

ಅವರು ನನ್ನನ್ನೇ ನೋಡಿದರು. ಏನಾದರೂ ಎಸೆಯುತ್ತಾರೆ ಅಂದುಕೊಂಡೆ.

"ಚರ್ಚಿಗೆ ಪ್ರದಕ್ಷಿಣೆ," ಎಂದರು ಮೆಲ್ಲಗೆ. "ಅಯ್ಯೋ ನನ್ ಮಾರಾಯ್ತಿ. ನಿಮ್ಮಮ್ಮನ್ ಮಗಳೇ ನೀನು."

ಅವತ್ತು ಸಂಜೆಯೇ ಮಿಸೆಸ್ ಕೊವಾಲ್ಸ್ಕಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಬಿಡಲಿಲ್ಲ, ಚೆನ್ನಾಗಿ ಬೈದರು. ಇಪ್ಪತ್ತು ಜನ ಒಬ್ಬರ ಹಿಂದೆ ಒಬ್ಬರು ಅಲ್ಲಿ ಇಳಿದಿದ್ದರೆ ಏನಾಗುತ್ತಿತ್ತು ಅಂತ ಕೇಳಿದರು. ಆಮೇಲೆ, ಸವಾರಿ ಮಾಡದೆ ದಾರಿ ಬರೆದರೆ ಹೀಗೇ ಆಗುವುದು, ಈಗಂತೂ ನೀನು ಬಂದು ಒಂದೊಂದು ತಿರುವನ್ನೂ ಕಣ್ಣಾರೆ ನೋಡಲೇಬೇಕು, ಜೂನ್ ಹದಿನೈದು ಮರೆಯಬೇಡ, ಎಂದು ಫೋನ್ ಇಟ್ಟರು. ಹಾಳೆಯನ್ನು ಹೊಸದಾಗಿ ಟೈಪ್ ಮಾಡಿದೆ. ಆದರೆ ಸಹಿ ಕೇಳುವುದು ಯಾವ ಮುಖ ಇಟ್ಟುಕೊಂಡು? ಗಂಡನ ಕೈ ಮುರಿಸಿದವಳು ನಾನು. ಸಾರಿನ ಪುಡಿ ಡಬ್ಬದ ಕಡೆ ನೋಡುವುದನ್ನೇ ಬಿಟ್ಟೆ. ಈ ಮನೆಯ ಬಾಗಿಲಿಗೆ ನಾನೇ ಹೊರಗಿನಿಂದ ಚಿಲಕ ಹಾಕಿಕೊಂಡ ಹಾಗಾಗಿತ್ತು.

ಡ್ರೈವ್ ಮಾಡುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಕಂಪನಿಯವರು ಅವರನ್ನು ನಾಲ್ಕು ವಾರ ಮನೆಯಲ್ಲೇ ಇರಿ ಅಂದರು. ಈಗ ಕಾರು ಗ್ಯಾರೇಜಿನಲ್ಲಿ, ನಾವಿಬ್ಬರೂ ಒಳಗೆ. ಶರ್ಟಿನ ಗುಂಡಿ ನಾನು ಹಾಕಬೇಕು, ಹುಳಿಯನ್ನ ಕಲಸಿ ಚಮಚ ಸಮೇತ ಕೊಡಬೇಕು. ಮೊದಲ ಎರಡು ದಿನ ಪೇಪರು ಓದಿದರು. ಮೂರನೆಯ ದಿನ ಟೀವಿ ಹಾಕಿ ಆರಿಸಿದರು. ನಾಲ್ಕನೆಯ ದಿನದಿಂದ ಕೋಣೆಯಿಂದ ಕೋಣೆಗೆ ಓಡಾಡತೊಡಗಿದರು. ಹತ್ತು ಗಂಟೆಗೆ ಕಿಟಕಿಯ ಹತ್ತಿರ ಬಂದು ನಿಂತರೆ ಹನ್ನೊಂದಾದರೂ ಕದಲುತ್ತಿರಲಿಲ್ಲ. ಅಲ್ಲಿ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಕಾರ್ಪೆಟ್ಟಿನ ನೂಲು ಸವೆದಿತ್ತು. ಅವರು ಅದರ ಮೇಲೇ ನಿಂತಿದ್ದರು, ಅವರಿಗೆ ಅದು ಗೊತ್ತಿರಲಿಲ್ಲ.

"ಈ ರಸ್ತೇಲಿ ಯಾರೂ ನಡೆಯೋದೇ ಇಲ್ವಾ?" ಎಂದು ಕೇಳಿದರು ಒಂದು ದಿನ.

"ಇಲ್ಲ."

"ಒಬ್ರೂನೂ?"

"ಮೂರು ಗಂಟೆಗೆ ಅಂಚೆಯವನು ಬರ್ತಾನೆ. ಜೀಪಿಂದ ಇಳಿಯಲ್ಲ. ಕೈ ಚಾಚಿ ಡಬ್ಬಕ್ಕೆ ಹಾಕಿ ಹೋಗ್ತಾನೆ."

ಅವರು ಮೂರು ಗಂಟೆಗೆ ಕಾದು ನಿಂತು ನೋಡಿದರು. ಜೀಪು ಬಂತು, ಕೈ ಚಾಚಿತು, ಹೋಯಿತು.

"ಐದು ವರ್ಷದಿಂದ ಹೀಗೇ ಇದೀಯಾ?"

ಅದುವರೆಗೆ ಹಿಡಿದಿಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಬಂತು. "ಆರು," ಎಂದೆ. "ಆರು ವರ್ಷ ಆಯ್ತು ರೀ. ನಿಮಗೆ ಹದಿನೈದು ದಿನಕ್ಕೇ ಹೀಗಾಗೋಯ್ತಲ್ಲ, ನನಗೆ ಏನಾಗಿರ್ಬೇಕು? ಒಂದು ದಿನವಾದ್ರೂ ಕೇಳಿದ್ರಾ? ಮನೇಲೇ ಕೂತ್ಕೊಂಡ್ ಮಾಡು, ರೋಡ್ ದಾಟ್ಬೇಡ, ನೋಡೋಣ! ನಾನೇನು ನಿಮ್ಮ ಪಾಸ್‌ಪೋರ್ಟಿನ ಪುಟವಾ?" ಜೋರಾಗಿ ಅತ್ತೆ. ನಾಚಿಕೆಯಾಗಲಿಲ್ಲ. ಕೈ ಮುರಿಸಿದ ಪಾಪ ಆ ಕ್ಷಣಕ್ಕೆ ಎಲ್ಲಿ ಹೋಗಿತ್ತೋ.

ಅವರು ಮಾರನೆಯ ದಿನ ಬೆಳಗ್ಗೆ ಅಡುಗೆಮನೆಗೆ ಬಂದು, ಎಡಗೈಯಲ್ಲಿ ಸಾರಿನ ಪುಡಿ ಡಬ್ಬ ಸರಿಸಿ, ಫಾರಂ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ಅದು ಎಲ್ಲಿದೆ ಅಂತ ಮೊದಲಿಂದಲೂ ಗೊತ್ತಿತ್ತು! ಅವತ್ತು ಜೂನ್ ಹನ್ನೊಂದು.

ಸಹಿ ಮಾಡಬೇಕು, ಕೈ ಇಲ್ಲ. ಎಡಗೈಯಲ್ಲಿ ಪೇಪರಿನ ಅಂಚಿನ ಮೇಲೆಲ್ಲ ಬರೆದು ನೋಡಿದರು. ಕೋಳಿ ಕೆದಕಿದ ಹಾಗೆ ಬಂತು. ಸಹಿ ಪಾಸ್‌ಪೋರ್ಟಿನ ಸಹಿಗೆ ಹೊಂದಬೇಕು, ಇಲ್ಲದಿದ್ದರೆ ಅರ್ಜಿ ವಾಪಸು ಎಂದು ಫಾರಂನಲ್ಲಿ ಸ್ಪಷ್ಟವಾಗಿತ್ತು. ಪ್ಲಾಸ್ಟರ್ ಬಿಚ್ಚುವುದು ಜುಲೈ ಕೊನೆಗೆ. ಆಗ ಕಳಿಸಿದರೆ ಸೆಪ್ಟೆಂಬರಿಗೆ ಬರುವುದಿಲ್ಲ.

"ಹೋಗ್ಲಿ ಬಿಡಿ, ಮುಂದಿನ್ ವರ್ಷ," ಎಂದೆ. ಮುಂದಿನ ವರ್ಷ ಎಂಬುದೂ ನೋಡೋಣದ ತಮ್ಮನೇ.

ಅವರು ಫಾರಂನ ಕೊನೆಯ ಸಾಲನ್ನು ಓದುತ್ತಿದ್ದರು. ಓದಿ, ಮುಖ ಕೆಂಪಾಗಿ, ಕಾಗದ ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. ಸಹಿ ಮಾಡಲು ಬಾರದವರು ಒಬ್ಬ ಸಾಕ್ಷಿಯ ಮುಂದೆ ಎಡಗೈ ಹೆಬ್ಬೆಟ್ಟು ಒತ್ತಬಹುದು.

"ಪಂಚಾಕ್ಷರೀನ ಕರಿ," ಎಂದರು.

ಎಂ.ಎಸ್. ಮಾಡಿದ ಮನುಷ್ಯ. ಊರಿಗೆ ಬರೆಯುವ ಕಾಗದದಲ್ಲೂ ಹೆಸರಿನ ಮುಂದೆ ಡಿಗ್ರಿ ಹಾಕುತ್ತಿದ್ದವರು. ತಮ್ಮ ತಂದೆ ಊರಿಗೇ ಮೊದಲು ಸಹಿ ಕಲಿತವರು ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದವರು. ಅವರು ಹೆಬ್ಬೆಟ್ಟು ಒತ್ತುವುದೆಂದರೆ!

ಸಂಜೆ ಆಫೀಸು ಮುಗಿಸಿ ಬಂದ ಪಂಚಾಕ್ಷರಿ ವಿಷಯ ಕೇಳಿ ಕಾಫಿ ಲೋಟ ಹಿಡಿದುಕೊಂಡೇ ನಿಂತರು. "ಏನ್ ಕಾಲ ಬಂತ್ರಿ ವೈನಿ! ನಮ್ಮ ಅಜ್ಜಾರು ಎಮ್ಮಿ ಮಾರಾಕ ಹೋದ್ರೂ ಸಹಿ ಮಾಡ್ತಿದ್ರು. ಡಿಯರ್‌ಬಾರ್ನ್‌ದಾಗ ಎಂಜಿನಿಯರ್ ಸಾಹೇಬ್ರು ಹೆಬ್ಬಟ್ಟ ಒತ್ತಾಕತ್ತಾರ!"

"ಆಫೀಸಲ್ಲಿ ಯಾರಿಗಾದ್ರೂ ಹೇಳಿದ್ರೆ ನೋಡಿ," ಎಂದರು ಜಯಸಿಂಹ.

"ಹೇಳೂದಿಲ್ರಿ. ನನಗ ಹೇಳಾಕ ಯಾರದಾರ ಅಲ್ಲೆ, ನಿಮ್ಮನ್ನ ಬಿಟ್ಟು?"

ಸ್ಟಾಂಪ್ ಪ್ಯಾಡ್ ಮನೆಯಲ್ಲಿರಲಿಲ್ಲ. ನಾನು ಟೈಪ್‌ರೈಟರಿನ ಹೊಸ ರಿಬ್ಬನ್ ಬಿಚ್ಚಿ ಮೇಜಿನ ಮೇಲೆ ಎಳೆದು ಹಿಡಿದೆ. ಅವರು ಎಡ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಉರುಳಿಸಿದರು. ನಾನು ಮಣಿಕಟ್ಟು ಹಿಡಿದುಕೊಂಡೆ, ಇಬ್ಬರೂ ಸೇರಿ ಫಾರಂ ಮೇಲೆ ಊರಿದೆವು. ಗೆರೆಗೆರೆಯಾಗಿ ಕಪ್ಪಗೆ ಚೆನ್ನಾಗಿ ಮೂಡಿತು. ಪಕ್ಕದಲ್ಲಿ ಪಂಚಾಕ್ಷರಿ ಸಾಕ್ಷಿಯ ಸಹಿ ಹಾಕಿದರು.

"ಪೋಸ್ಟ್ ಆಫೀಸಿಗೆ ನಾ ಒಯ್ತೀನಿ ಕೊಡ್ರಿ," ಎಂದರು ಪಂಚಾಕ್ಷರಿ.

ನಾನು ಬಾಯಿ ತೆರೆಯುವ ಮೊದಲೇ ಜಯಸಿಂಹ ಹೇಳಿದರು, "ಬೇಡ. ನಾಳೆ ಬೆಳಗ್ಗೆ ಅವಳೇ ಹೋಗ್ತಾಳೆ. ಲಾಂಗ್ ಲೇಕ್ ದಾಟಿ ಜಲ್ಲಿ ರಸ್ತೇಲಿ ಹೋದ್ರೆ ನಾಲ್ಕೇ ಮೈಲಿ." ಆಮೇಲೆ ನನ್ನ ಕಡೆ ತಿರುಗಿ, "ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡೀಬೇಡ," ಎಂದರು.

ಹೋದೆ. ಸೀರೆ ಎತ್ತಿಕಟ್ಟಿಕೊಂಡೇ ಹೋದೆ. ರಿಜಿಸ್ಟರ್ಡ್ ಪೋಸ್ಟಿನ ರಸೀದಿಯನ್ನು ರವಿಕೆಯಲ್ಲಿಟ್ಟುಕೊಂಡು, ಧೂಳು ಮೆತ್ತಿಕೊಂಡು ವಾಪಸು ಬಂದಾಗ ಅವರು ಕಿಟಕಿಯಲ್ಲೇ ಇದ್ದರು.

ಆಗಸ್ಟ್ ಇಪ್ಪತ್ತಕ್ಕೆ ದಪ್ಪ ಲಕೋಟೆ ಬಂತು, ಒಳಗೆ ಎರಡು ಪುಸ್ತಕ. ಹೊಸದರಲ್ಲಿ ನಾನೊಬ್ಬಳೇ, ಮೂವತ್ತರ ಹತ್ತಿರದ ಹೆಂಗಸು, ಕಣ್ಣ ಕೆಳಗೆ ಕಪ್ಪು. ಹಳೆಯದನ್ನು ಅವರು ತೆರೆದರು. ಎರಡು ಜಡೆಯ ಹುಡುಗಿಯ ಮುಖದ ಮೇಲೆ ಅಡ್ಡಡ್ಡ ಎರಡು ಕೆಂಪು ಗೆರೆ ಎಳೆದು ರದ್ದು ಅಂತ ಮೊಹರು ಹೊಡೆದಿದ್ದರು. ಅವರು ಅದನ್ನೇ ನೋಡುತ್ತಾ ನಿಂತರು. ಪ್ಲಾಸ್ಟರ್ ಬಿಚ್ಚಿದ ಕೈ ಇನ್ನೂ ತೆಳ್ಳಗಿತ್ತು, ಆ ಬೆರಳಿನಿಂದ ಗೆರೆಗಳನ್ನು ಒರೆಸುವ ಹಾಗೆ ಒಂದು ಸಲ ಸವರಿದರು.

"ಇದರಲ್ಲಿ ಒಬ್ನೇ ಆಗ್ಬಿಟ್ನಲ್ಲೇ," ಎಂದರು.

ನಾನು ಒಳಗೆ ಹೋಗಿ ಕಾಫಿಗಿಟ್ಟೆ.

ಸೆಪ್ಟೆಂಬರಿನಲ್ಲಿ ಆ ಗುಡ್ಡವನ್ನು ಹತ್ತಿದೆ, ಚರ್ಚು ಎಡಗೈಗೆ. ಸಡಿಲ ಜಲ್ಲಿಯಲ್ಲಿ ಚಕ್ರ ಹೂತು, ಕೊನೆಯ ಭಾಗ ಸೈಕಲ್ ತಳ್ಳಿಕೊಂಡೇ ಹೋಗಬೇಕಾಯಿತು. ತಪ್ಪಾಯ್ತಪ್ಪಾ ಅಂತ ಗಲ್ಲ ಬಡಿದುಕೊಂಡೆ, ಹಿಂದೆ ಬರುತ್ತಿದ್ದ ಅಮೆರಿಕದವರು ಸೊಳ್ಳೆ ಅಂದುಕೊಂಡರು. ಮೇಲೆ ಗಾರ್ನಿಯೆ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಅವರನ್ನು ಮಾತಾಡಿಸುವ ಮೊದಲು ನಾನು ಚೀಲದಿಂದ ಕಲೆಯಾದ ಆ ಹಳೆಯ ಹಾಳೆಯನ್ನು ತೆಗೆದು, ಹದಿನಾಲ್ಕರ ಮುಂದೆ ಪೆನ್ಸಿಲಿನಲ್ಲಿ, ಜಯಸಿಂಹರ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ, ಇದೆ, ಎಂದು ಬರೆದೆ.